ಕೊಡೆ ಬಟ್ಟೆಯ ಸಿಂಬಿ

“ಇದು ಶುದ್ಧ ಸುಳ್ಳು!”

ಗೀತಾಂಜಲಿ ಒದರಿದ ರಭಸಕ್ಕೆ ಶಾಲೆಯ ಗೇಟಿನ ಮುಂದೆ ಪೇರಲಹಣ್ಣು ಮಾರುತ್ತಿದ್ದ ಮುದುಕಿ ಕೂಡ ಬೆಚ್ಚಿ ತಿರುಗಿ ನೋಡಿದಳು.

ಗೇಟಿನ ಪಕ್ಕದ ಕಂಬಗಳಿಗೆ ಆ ದಿನ ಬೆಳಿಗ್ಗೆಯಷ್ಟೇ ಯಾರೋ ಬಟ್ಟೆಯ ಬ್ಯಾನರ್ ಕಟ್ಟಿ ಹೋಗಿದ್ದರು. ಅದರ ಮೇಲೆ ಕೆಂಪು ಅಕ್ಷರಗಳಲ್ಲಿ ದೊಡ್ಡದಾಗಿ ಬರೆದಿತ್ತು: ‘ಕೇಶ್ವಾಪುರದಲ್ಲಿ ಡಾನ್ಸ್ ಕ್ಲಾಸ್! ಹುಬ್ಬಳ್ಳಿಯ ಮೊಟ್ಟಮೊದಲ ಬ್ರೇಕ್ ಡಾನ್ಸರ್ ಫೈಜಾನ ಮಾಸ್ತರರಿಂದ ತರಬೇತಿ.’

“ಏನ್ ಸುಳ್ಳ?” ಅಂದ ಸಿದ್ಧಾರೂಢ. ಐದನೇ ಕ್ಲಾಸಿನಲ್ಲಿ ಅವಳ ಹಿಂದಿನ ಬೆಂಚಿನವನು. ಎರಡು ವಾರದಿಂದ ಅದೇ ಡಾನ್ಸ್ ಕ್ಲಾಸಿಗೆ ಹೋಗುತ್ತಿದ್ದ. “ನಮ್ಮ ಸರ್ ತಲಿ ಮ್ಯಾಲ ಗಿರಗಿರ ತಿರಗ್ತಾರ. ಗೊತ್ತೈತೇನ ನಿನಗ?”

“ತಿರಗ್ಲಿ ಬಿಡು. ಹುಬ್ಬಳ್ಳ್ಯಾಗ ಮೊದಲ ತಿರಗಿದಾಂವ ನಮ್ಮಪ್ಪ!”

ಸುತ್ತ ನಿಂತಿದ್ದ ಹುಡುಗರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಗೀತಾಳ ಅಪ್ಪ ದುರ್ಗೇಶ ಯಾರಿಗೆ ಗೊತ್ತಿಲ್ಲ? ಗೋಕುಲ ರಸ್ತೆಯ ಕಾರ್ಖಾನೆಯೊಂದರಲ್ಲಿ ಲೇಥ್ ಮಶಿನ್ ನಡೆಸುವವನು. ಎಣ್ಣೆ ಕಲೆಯ ಅಂಗಿ ತೊಟ್ಟು, ಹಳೆಯ ಸೈಕಲ್ ತುಳಿಯುತ್ತ ದಿನಾ ಇದೇ ರಸ್ತೆಯಲ್ಲಿ ಹೋಗುವವನು.

“ಫೋಟೋ ಐತೇನ?” ಸಿದ್ಧಾರೂಢ ಬೆರಳು ಮಡಚುತ್ತ ಕೇಳಿದ. “ಕಪ್ ಐತೇನ? ಪೇಪರ್‌ನ್ಯಾಗ ಬಂದಿತ್ತೇನ?”

ಫೋಟೋ ಇರಲಿಲ್ಲ. ಕಪ್ಪೂ ಇರಲಿಲ್ಲ. ಗೀತಾ ತುಟಿ ಕಚ್ಚಿದಳು.

“ಬರೀ ಬಾಯಿ ಬೊಂಬಾಯಿ! ಧೈರ್ಯ ಇದ್ರ ಶನಿವಾರ ಕ್ಲಾಸಿಗೆ ಬಂದು ನಮ್ಮ ಸರ್ ಮುಂದ ಹೇಳು, ನೋಡೋಣು.”

“ಹೇಳ್ತೇನಿ! ಹೇಳದಿದ್ರ, ನಮ್ಮಪ್ಪ ಡಾನ್ಸರ್ ಅಂತ ಇನ್ನ ಮ್ಯಾಲ ಬಾಯಿನ ಬಿಚ್ಚೂದಿಲ್ಲ.”

ಸಿಟ್ಟು ಮೂಗಿನ ತುದಿಗೆ ಬಂದಾಗ ಆಡಿದ ಮಾತು ಅದು. ಆದರೆ ಹಿಂದೆ ಸರಿಯುವ ಹುಡುಗಿ ಅವಳಲ್ಲ.

ಸಂಜೆ ಹಳೇ ಹುಬ್ಬಳ್ಳಿಯ ಮನೆಯಲ್ಲಿ ಅಪ್ಪ ಸೋಪಿನ ಪುಡಿ ಹಚ್ಚಿ ಕೈಯ ಗ್ರೀಸು ತಿಕ್ಕುತ್ತಿದ್ದ. ಗೀತಾ ಬಚ್ಚಲಿನ ಬಾಗಿಲಿಗೆ ಅಡ್ಡ ನಿಂತಳು.

“ಅಪ್ಪಾ, ನೀ ಹೋಗಿ ಆ ಮಾಸ್ತರಗ ಹೇಳು, ಮೊದಲನೇದಾಂವ ನಾನು ಅಂತ.”

ಅಪ್ಪ ನಕ್ಕ. “ಪಾಪ, ಹುಡುಗ ಹೊಟ್ಟಿಪಾಡಿಗೆ ಕ್ಲಾಸ್ ತಗದಾನ. ಬಿಡವ್ವಾ ಅತ್ತಾಗ.”

“ಬಿಡೂದ್ಯಾಕ?” ಪಡಸಾಲೆಯಿಂದ ಅಜ್ಜಿಯ ದನಿ ಬಂತು. ಅಜ್ಜಿ ರುಕ್ಮವ್ವ ಮೊರದಲ್ಲಿ ಅಕ್ಕಿ ಹಾಕಿಕೊಂಡು ಕಲ್ಲು ಆರಿಸುತ್ತಿದ್ದಳು. “ಇವನ ಡಾನ್ಸಿನ ಸಲುವಾಗಿ ನನ್ನ ಸಿಂಬಿ ಹೋತು. ಕದ್ದಾಕಿ ಬಾಜೂಮನಿ ಅಕ್ಕವ್ವ ಅಂತ ತಿಳದು ನಾ ಆಕಿ ಜೋಡಿ ಮೂರ ದಿನಾ ಜಗಳಾ ಆಡಿದೆ. ಅಷ್ಟೆಲ್ಲಾ ಪುಕ್ಕಟ ಹೋಗ್ಬೇಕೇನ?”

ಆ ಕತೆ ಗೀತಾಳಿಗೆ ಬಾಯಿಪಾಠ ಆಗಿತ್ತು. ಆದರೂ ಎಷ್ಟು ಸಲ ಕೇಳಿದರೂ ಸಾಲದು.

ಅದು ಹದಿನೇಳು ವರ್ಷದ ಹಿಂದಿನ ಮಾತು, ತೊಂಬತ್ತನೇ ಇಸವಿ. ಗಣಪತಿ ಹಬ್ಬಕ್ಕೆ ಓಣಿಯವರು ಟಿವಿ, ವಿಸಿಆರ್ ಬಾಡಿಗೆಗೆ ತಂದಿದ್ದರು. ಯಾರೋ ಒಂದು ಪರದೇಶದ ಡಾನ್ಸಿನ ಕ್ಯಾಸೆಟ್ ಹಾಕಿದರು. ಚಿತ್ರದ ತುಂಬ ಗೆರೆ. ಆ ಗೆರೆಗಳ ನಡುವೆ ಒಬ್ಬ ಮನುಷ್ಯ ತಲೆ ಕೆಳಗೆ, ಕಾಲು ಮೇಲೆ ಮಾಡಿ ಬುಗುರಿಯಂತೆ ತಿರುಗುತ್ತಿದ್ದ. ಅವನ ತಲೆಗೆ ದಪ್ಪನೆಯದೇನೋ ಇತ್ತು. ಆಗ ಹದಿನೆಂಟು ವರ್ಷದವನಾಗಿದ್ದ ದುರ್ಗೇಶ ಅದನ್ನು ನೋಡಿದವನೇ, ‘ಓಹೋ, ಸಿಂಬಿ!’ ಅಂದುಕೊಂಡ. ಹೆಂಗಸರು ತುಂಬಿದ ಕೊಡ ಹೊರುವಾಗ ತಲೆಯ ಮೇಲೆ ಇಟ್ಟುಕೊಳ್ಳುತ್ತಾರಲ್ಲ, ಬಟ್ಟೆ ಸುತ್ತಿ ಮಾಡಿದ ಬಳೆಯಂಥದ್ದು, ಅದು.

ಮರುದಿನವೇ ಅಜ್ಜಿಯ ಸಿಂಬಿ ಮಾಯ. ಬರೀ ಬಟ್ಟೆ ಫರಸಿಕಲ್ಲಿನ ನೆಲದ ಮೇಲೆ ಜಾರಲಿಲ್ಲ. ಅದಕ್ಕೆ ಅವನು ಅಜ್ಜನ ಕರಿ ಕೊಡೆಯ ನುಣುಪು ಬಟ್ಟೆ ಕತ್ತರಿಸಿ ಸಿಂಬಿಯ ಸುತ್ತ ಹೊಲಿದ. ಕಳವು ಗೊತ್ತಾದ ಮೇಲೆ ಅಜ್ಜಿಯಿಂದ ಒಂದು, ಅಜ್ಜನಿಂದ ಒಂದು, ಹೀಗೆ ಎರಡು ಬೈಗುಳ ತಿಂದ.

ಎರಡು ವರ್ಷ ಬಿದ್ದು ಎದ್ದು ಕಲಿತು, ಅದೇ ಓಣಿಯ ಗಣಪತಿ ಸ್ಟೇಜಿನ ಮೇಲೆ ತಿರುಗಿದ. ನೋಡುತ್ತಿದ್ದ ಹಿರಿಯರೊಬ್ಬರು ಗಾಬರಿಯಾಗಿ, “ಹುಡುಗಗ ಮೂರ್ಛೆ ಬಂದೈತಿ!” ಎಂದು ಓಡಿ ಬಂದು ಅವನ ಕೈಗೆ ಕಬ್ಬಿಣದ ಬೀಗದ ಕೈ ಹಿಡಿಸಿದರಂತೆ. ಅವನು ಬೀಗದ ಕೈ ಹಿಡಿದುಕೊಂಡೇ ಡಾನ್ಸ್ ಮುಗಿಸಿದ! ಆಮೇಲೆ ಗದಗ, ಹಾವೇರಿ, ಬೆಳಗಾವಿ ಅಂತ ಆರ್ಕೆಸ್ಟ್ರಾದವರ ಜೊತೆ ನಾಲ್ಕು ವರ್ಷ ತಿರುಗಿದ. ತೊಂಬತ್ತಾರರಲ್ಲಿ ಒಂದೂರಿನ ಸ್ಟೇಜಿನ ಹಲಗೆ ಮುರಿದು ಬಿದ್ದು ಎಡ ಮೊಣಕೈ ಒಡೆಯಿತು. ಮೂಳೆ ಕೂಡಿತು, ಆದರೆ ಕೈ ಪೂರ್ತಿ ನೆಟ್ಟಗಾಗಲಿಲ್ಲ. ಡಾನ್ಸ್ ಅಲ್ಲಿಗೆ ನಿಂತಿತು.

“ಒಂದರ ಫೋಟೋ ತಗಸಬಾರದಿತ್ತೇನಪ್ಪಾ?”

“ತಲಿ ಕೆಳಗ ಇದ್ದಾಂವ ಕ್ಯಾಮೆರಾ ಯಾರ ಕೈಯಾಗೈತಿ ಅಂತ ಹ್ಯಾಂಗ ನೋಡ್ಬೇಕವ್ವಾ?”

ಗೀತಾಳಿಗೆ ನಗು ಬರಲಿಲ್ಲ. “ನೀ ಅಂಜ್ತಿ. ಅದಕ್ಕ ಹೋಗೂದಿಲ್ಲ ಅಂತಿ.”

ಗ್ರೀಸು ತಿಕ್ಕುತ್ತಿದ್ದ ಕೈ ನಿಂತಿತು. ಅಪ್ಪನ ಮುಖ ಸಣ್ಣದಾಯಿತು. “ನೀನೂ ಹೋಗಬ್ಯಾಡ,” ಅಂದವನೇ ತಂಬಿಗೆ ಎತ್ತಿ ಕೈಗೆ ನೀರು ಸುರಿದುಕೊಂಡ.

ಆದರೆ ಶನಿವಾರ ಬಂದೇ ಬಂತು. ಮಧ್ಯಾಹ್ನ ಗೀತಾ ಚಪ್ಪಲಿ ಮೆಟ್ಟಿದ್ದನ್ನು ಅಜ್ಜಿ ನೋಡಿದಳು. ಸೊಂಟದ ಚೀಲದಿಂದ ಬಸ್ಸಿನ ರೊಕ್ಕ ತೆಗೆದು ಕೊಟ್ಟಳು.

“ಹೋಗು. ನಿಮ್ಮಪ್ಪ ಬಂದ್ರ ನಾ ಹೇಳ್ಕೋತೇನಿ. ಆದ್ರ ಅಳ್ಕೋತ ಮಾತ್ರ ಬರಬ್ಯಾಡ.”

ಸಿಟಿ ಬಸ್ಸಿನಲ್ಲಿ ಸಿದ್ಧಾರೂಢ ಮುಂದಿನ ಸೀಟಿನಲ್ಲಿ, ಗೀತಾ ಹಿಂದಿನ ಸೀಟಿನಲ್ಲಿ. ಕೇಶ್ವಾಪುರದಲ್ಲಿ ಇಬ್ಬರೂ ಇಳಿದರು.

ಕ್ಲಾಸೆಂದರೆ ಅಂಗಡಿಗಳ ಮೇಲಿನ ಒಂದು ಉದ್ದನೆಯ ಹಾಲ್. ನೆಲಕ್ಕೆ ಫರಸಿ, ಗೋಡೆಗೆ ದೊಡ್ಡ ಕನ್ನಡಿ, ಇಪ್ಪತ್ತು ಹುಡುಗ ಹುಡುಗಿಯರು. ಫೈಜಾನ ಮಾಸ್ತರ ಅಂದರೆ ಮೀಸೆ ಈಗ ಚಿಗುರಿದಂಥ ಹುಡುಗ, ಕೂದಲಿಗೆ ಕಂದು ಬಣ್ಣ.

“ಸರ್, ಈಕಿ ಏನೋ ಹೇಳ್ತಾಳಂತ್ರಿ,” ಅಂದ ಸಿದ್ಧಾರೂಢ.

ಗೀತಾ ಮುಂದೆ ಬಂದು ನಿಂತಳು. “ಸರ್, ನಿಮ್ಮ ಬ್ಯಾನರ್ ಸುಳ್ಳೈತ್ರಿ. ಮೊದಲನೇ ಬ್ರೇಕ್ ಡಾನ್ಸರ್ ನೀವಲ್ಲ, ನಮ್ಮಪ್ಪ.”

ಹಾಲ್ ತುಂಬ ನಗು. ಫೈಜಾನ ಮಾಸ್ತರ ಮಾತ್ರ ಬೈಯಲಿಲ್ಲ. “ಹಂಗಲ್ಲ ಪುಟ್ಟಿ. ಈ ಊರಾಗ ನನಗಿಂತ ಮೊದಲ ತಲಿ ಮ್ಯಾಲ ತಿರಗಿದವರು ಯಾರೂ ಇಲ್ಲ. ನೋಡಿಲ್ಲೆ.”

ಅವನು ಚೀಲದಿಂದ ಏನೋ ತೆಗೆದು ನೆಲಕ್ಕಿಟ್ಟ. ಅದರ ಮೇಲೆ ತಲೆಯೂರಿ ಕಾಲು ಮೇಲೆತ್ತಿದ. ಒಂದು, ಎರಡು, ಮೂರು... ಎಂಟು ಸುತ್ತು! ಹುಡುಗರು ಸಿಳ್ಳೆ ಹೊಡೆದರು.

ಗೀತಾ ಅವನ ಕಾಲು ನೋಡಲೇ ಇಲ್ಲ. ನೆಲದ ಮೇಲಿದ್ದದ್ದನ್ನು ನೋಡುತ್ತಿದ್ದಳು. ದುಂಡಗಿತ್ತು. ದಪ್ಪಗಿತ್ತು. ಸುತ್ತಲೂ ಕರಿ ಕೊಡೆಯ ಬಟ್ಟೆ ಹೊಲಿದಿತ್ತು.

“ಸರ್, ಅದು ಏನ್ರಿ?”

“ಇದಾ? ಹೆಡ್‌ಸ್ಪಿನ್ ಪ್ಯಾಡ್. ಇದಿಲ್ಲದ ತಿರಗಾಕ ಆಗೂದಿಲ್ಲ. ಜಗತ್ತಿನ್ಯಾಗ ಎಲ್ಲಾರೂ ಇದನ್ನ ಇಟ್ಕೊಂಡ ತಿರಗ್ತಾರ.”

“ನಿಮಗ ಯಾರ್ ಹೇಳಿದ್ರಿ?”

“ಯಾರೂ ಹೇಳಿಲ್ಲ. ಸಣ್ಣಾಂವಿದ್ದಾಗ ಹಳೇ ಹುಬ್ಬಳ್ಳಿ ಗಣಪತಿ ಸ್ಟೇಜಿನ್ಯಾಗ ನೋಡಿದ್ದೆ. ಬಾಂಬೇದಿಂದ ಬಂದ ಒಬ್ಬ ಅಣ್ಣ ತಿರಗಿದ್ದ. ಅವನದು ನೋಡಿ ನಾನೂ ಇಂಥಾದ್ದ ಹೊಲಕೊಂಡೆ.”

“ಬಾಂಬೇದಿಂದ ಅಂತ ಯಾರಂದ್ರು?”

ಫೈಜಾನ ಮಾಸ್ತರ ತಬ್ಬಿಬ್ಬಾದ. “ಯಾರೂ ಅನ್ನಲಿಲ್ಲ... ಅಷ್ಟು ಛಲೋ ಮಾಡಿದ್ನಲ್ಲ. ನಮ್ಮ ಊರಾಂವ ಇರಲಿಕ್ಕಿಲ್ಲ ಅಂತ ನಾನ ತಿಳಕೊಂಡೆ.”

“ನಮ್ಮ ಊರಾಂವನ ಅವ! ಬಾಂಬೇದಾಗ ಯಾರರ ಸಿಂಬಿ ಇಟ್ಕೊಂಡ ತಿರಗ್ತಾರೇನ್ರಿ? ಅದು ನಮ್ಮ ಅಜ್ಜಿ ಸಿಂಬಿ! ಅದರ ಮ್ಯಾಲಿನ ಬಟ್ಟಿ ನಮ್ಮ ಅಜ್ಜನ ಕೊಡಿದು!” ಗೀತಾಳಿಗೆ ಈಗ ನಿಲ್ಲಿಸಲು ಆಗಲಿಲ್ಲ. ಕ್ಯಾಸೆಟ್ಟು, ಗೆರೆಗಳು, ಜಗಳ, ಬೀಗದ ಕೈ, ಎಲ್ಲ ಒಂದೇ ಉಸಿರಿಗೆ ಹೇಳಿಬಿಟ್ಟಳು.

“ಬೀಗದ ಕೈ,” ಅಂದ ಫೈಜಾನ ಮಾಸ್ತರ ಮೆಲ್ಲಗೆ. “ಹೌದು, ಯಾರೋ ಮುದುಕಪ್ಪ ಓಡಿ ಬಂದಿದ್ದ. ನಾ ಗ್ವಾಡಿ ಏರಿ ಕುಂತಿದ್ದೆ.”

“ಆತನ ಹೆಸರು ಚನ್ನಪ್ಪಜ್ಜ,” ಎಂದು ಬಾಗಿಲ ಕಡೆಯಿಂದ ಯಾರೋ ಅಂದರು. “ಬೀಗದ ಕೈ ತಿರಗಿ ಕೇಳಾಕ ಮರುದಿನಾ ಮನಿಗೆ ಬಂದಿದ್ದ.”

ಅಪ್ಪ! ಅಜ್ಜಿ ಹೇಳಿರಬೇಕು, ಎಣ್ಣೆಯ ಅಂಗಿಯಲ್ಲೇ ಬಂದಿದ್ದ. ಸೈಕಲ್ ತುಳಿದ ರಭಸಕ್ಕೆ ಇನ್ನೂ ಏದುಸಿರು ಬಿಡುತ್ತಿದ್ದ. ಬೈಸಿಕೊಳ್ಳಲು ಸಿದ್ಧಳಾಗಿ ಗೀತಾ ಗದ್ದ ಮೇಲೆತ್ತಿದಳು. ಆದರೆ ಅಪ್ಪ ಅವಳನ್ನು ನೋಡಲಿಲ್ಲ. ನೆಲದ ಮೇಲಿನ ಸಿಂಬಿಯನ್ನು ಎತ್ತಿಕೊಂಡು ತಿರುಗಿಸಿ ನೋಡಿದ.

“ಹೊಲಗಿ ಛಲೋ ಹಾಕೀದಿ. ಆದ್ರ ಒಂದು ಮಾತು ತಮ್ಮಾ. ಇದು ಸಿಂಬಿನ. ಕ್ಯಾಸೆಟ್ಟಿನ್ಯಾಗ ಇದ್ದಾಂವ ಹಾಕ್ಕೊಂಡಿದ್ದು ದಪ್ಪ ಟೋಪಿ. ನನಗದು ಐದ ವರ್ಷ ಆದಮ್ಯಾಲ ಗೊತ್ತಾತು.”

“ಟೋಪಿ?” ಅಂದ ಫೈಜಾನ ಮಾಸ್ತರ.

“ಅಂದ್ರ ನೀವು ತಪ್ಪ ಮಾಡಿದ್ರಿ!” ಸಿದ್ಧಾರೂಢ ಕುಣಿದ.

“ಹೌದು. ಆದ್ರ ತಪ್ಪು ಅನ್ನಾಕ ಆಗ ಯಾರಿದ್ದರೋ?” ಅಂದ ಅಪ್ಪ. ಅವನು ನಗುತ್ತಿರಲಿಲ್ಲ. “ಇದರ ಮ್ಯಾಲ ಹದಿನೆಂಟು ಸುತ್ತು ತಿರಗೇನಿ.”

ಫೈಜಾನ ಮಾಸ್ತರ ಬಗ್ಗಿ ಅಪ್ಪನ ಕಾಲು ಮುಟ್ಟಿದ. “ಅಣ್ಣಾರ, ನಾಳೆನ ಬ್ಯಾನರ್ ತಗಸ್ತೇನ್ರಿ. ನಿಮ್ಮ ಹೆಸರ ಬರಸ್ತೇನಿ.”

“ಏ, ಅದೆಲ್ಲಾ ಬ್ಯಾಡ...”

“ಬೇಕ್ರಿ ಸರ್!” ಗೀತಾ ಒದರಿದಳು. “ಅಪ್ಪ ಬ್ಯಾಡ ಅಂತಾನ. ನಾ ಬೇಕಂತೇನಿ. ದೊಡ್ಡ ಅಕ್ಷರದಾಗ ಬರಸ್ರಿ. ದುರ್ಗೇಶ ಅಂತ.”

ಅಪ್ಪ ಈಗ ಅವಳನ್ನು ನೋಡಿದ, ಬಹಳ ಹೊತ್ತು. ಆಮೇಲೆ ಮಾಸ್ತರನ ಕಡೆ ತಿರುಗಿ, “ಬರಸು ಹಂಗಾರ,” ಅಂದ. “ಮೊದಲ ನೀ ತಲಿ ಊರೂದು ಕಲಿ. ಭಾರ ಎಲ್ಲಾ ಕುತಗಿ ಮ್ಯಾಲ ಹಾಕ್ತಿ. ಕೈ ಹಿಂಗಿರಬೇಕು.”

ಚಪ್ಪಲಿ ಬಿಟ್ಟು ಒಳಗೆ ಬಂದ ಅಪ್ಪ ಮಂಡಿಯೂರಿ, ಎರಡೂ ಅಂಗೈ ಫರಸಿಗೆ ಒತ್ತಿದ. ಬಲಗೈ ನೆಟ್ಟಗಿತ್ತು. ಎಡಗೈ ಮೊಣಕೈಯಲ್ಲಿ ಸೊಟ್ಟಗೆ ಹೊರಳಿ ನಿಂತಿತ್ತು.

ಇಪ್ಪತ್ತು ಮಕ್ಕಳೂ ಮಂಡಿಯೂರಿದರು. ಇಪ್ಪತ್ತು ಬಲಗೈ ನೆಟ್ಟಗೆ. ಇಪ್ಪತ್ತು ಎಡಗೈ ಥೇಟ್ ಅಪ್ಪನದರಂತೆ ಸೊಟ್ಟಗೆ. ಸಿದ್ಧಾರೂಢನದಂತೂ ಎಲ್ಲರಿಗಿಂತ ಹೆಚ್ಚು ಸೊಟ್ಟ.

ಗೀತಾಳಿಗೆ ಫಕ್ಕನೆ ನಗು ಬಂತು. ಅದರ ಬೆನ್ನಿಗೇ ಅಳುವೂ ಬಂದಂತಾಯಿತು. ಅಜ್ಜಿ ಹೇಳಿದ್ದು ನೆನಪಿತ್ತು, ಅದಕ್ಕೇ ಅಳಲಿಲ್ಲ. ಅವಳೂ ಸಾಲಿನ ಕೊನೆಗೆ ಮಂಡಿಯೂರಿ ನೆಲಕ್ಕೆ ಅಂಗೈ ಒತ್ತಿ, ಎಡಗೈಯನ್ನು ಅಪ್ಪನಂತೆಯೇ ಸೊಟ್ಟಗಿಟ್ಟಳು.

“ಏ, ಅದು ನನ್ನ ಕೈ ಮುರದದ್ದಕ್ಕ ಹಂಗೈತಿ! ನೀವು ನೆಟ್ಟಗ ಇಡ್ರೋ!” ಅಂದ ಅಪ್ಪ.

ಎಲ್ಲರೂ ಗಡಬಡಿಸಿ ಕೈ ನೆಟ್ಟಗೆ ಮಾಡಿಕೊಂಡರು. ಗೀತಾ ಮಾತ್ರ ಮಾಡಲಿಲ್ಲ.