ನಾಲಿಗೆಗೆ ಇಳಿದ ಜೋಮು

ಚಂದ್ರಾಮಪ್ಪ ಬಂಡಿಹಾಳ ಮೋಟಾರ್ ಸೈಕಲ್ಲಿನ ಹ್ಯಾಂಡಲ್ ಹಿಡಿದು ಎರಡು ತಾಸಾಗಿತ್ತು. ಆದರೂ ಕೈ ತನ್ನದೇ ಕೈಯ ಹಾಗಿತ್ತು. ಬೆರಳುಗಳಲ್ಲಿ ಇರುವೆ ಹರಿದಾಡಲಿಲ್ಲ, ಅಂಗೈ ಉರಿಯಲಿಲ್ಲ, ಹತ್ತು ಕಿಲೋಮೀಟರಿಗೊಮ್ಮೆ ಗಾಡಿ ನಿಲ್ಲಿಸಿ ಕೈ ಕೊಡವುವ ಪ್ರಸಂಗವೂ ಬರಲಿಲ್ಲ. ಅವನು ತೊಟ್ಟಿದ್ದ ಬೂದು ಬಣ್ಣದ ಕೈಗವಸುಗಳು ಆಗಾಗ ಸಣ್ಣಗೆ ಗುಂಯ್‌ಗುಡುತ್ತಿದ್ದವು. ಹಾಗೆ ಗುಂಯ್‌ಗುಟ್ಟಿದಾಗಲೆಲ್ಲ ಅಂಗೈಯಲ್ಲಿ ಹುಟ್ಟಬೇಕಾಗಿದ್ದ ಜೋಮು ತೋಳು ಹತ್ತಿ, ಕುತ್ತಿಗೆಗೆ ಕಟ್ಟಿದ ಪಟ್ಟಿಯನ್ನು ದಾಟಿ ನಾಲಿಗೆಗೆ ಇಳಿಯುತ್ತಿತ್ತು. ನಾಲಿಗೆ ಮಾತ್ರ ಒದ್ದೆ ಬಟ್ಟೆಯ ಚೂರಿನಂತೆ ಬಾಯಲ್ಲಿ ಸುಮ್ಮನೆ ಬಿದ್ದಿತ್ತು.

ಇದು ಎರಡು ಸಾವಿರದ ಅರುವತ್ತರ ಮಾತು. ಆ ಹೊತ್ತಿಗೆ ಗಾಡಿಗಳು ಪೆಟ್ರೋಲು ಕುಡಿಯುವುದನ್ನು ಬಿಟ್ಟಿದ್ದವು, ಹೊಗೆ ಬಿಡುವುದನ್ನೂ ಬಿಟ್ಟಿದ್ದವು. ರಸ್ತೆ ಮಾತ್ರ ತನ್ನ ಹುಟ್ಟುಗುಣ ಬಿಟ್ಟಿರಲಿಲ್ಲ. ಚಂದ್ರಾಮಪ್ಪ ವಸತಿನಿಲಯ ಭೋಜನ ತಪಾಸಣಾಧಿಕಾರಿ. ಊರೂರಿನ ಹಾಸ್ಟೆಲುಗಳಿಗೆ ಹೋಗಿ, ಅಲ್ಲಿಯ ಸಾರಿನ ರುಚಿ ನೋಡಿ ವರದಿ ಬರೆಯುವುದು ಅವನ ಕೆಲಸ. ರುಚಿ ಅಳೆಯುವ ಯಂತ್ರವೊಂದನ್ನು ಇಲಾಖೆ ಕೊಂಡಿತ್ತೇನೋ ನಿಜ. ಬಳಸಿದರೆ ಕೆಟ್ಟೀತೆಂದು ಅದನ್ನು ಕಪಾಟಿನಲ್ಲಿಟ್ಟು ಕೀಲಿ ಹಾಕಿದ್ದರು. ಹೀಗಾಗಿ ಇಪ್ಪತ್ತೆರಡು ವರ್ಷಗಳಿಂದ ಚಂದ್ರಾಮಪ್ಪನ ನಾಲಿಗೆಯೇ ಸರಕಾರಿ ಯಂತ್ರವಾಗಿತ್ತು. ಅವನು ಒಬ್ಬರ ಅಡುಗೆ ಸರಿಯಿಲ್ಲವೆಂದು ಮೂರು ಸಲ ಬರೆದರೆ ಅವರ ಕೆಲಸ ಹೋಗುತ್ತಿತ್ತು.

ಅಂಥ ನಾಲಿಗೆಗೇ ಜೋಮು ಹಿಡಿಸಿಕೊಂಡ ಪುಣ್ಯಾತ್ಮ ಇವನು ಎಂದು ನಗಬೇಡಿ. ಅವನಿಗೂ ಬೇರೆ ದಾರಿ ಇರಲಿಲ್ಲ. ದಿನಕ್ಕೆ ಇನ್ನೂರು ಕಿಲೋಮೀಟರ್ ಸುತ್ತಿ ಸುತ್ತಿ ಬೆರಳುಗಳು ಮರಗಟ್ಟುತ್ತಿದ್ದವು. ಹಿಂದಿನ ತಿಂಗಳು ಒಂದು ಹಾಸ್ಟೆಲಿನಲ್ಲಿ ಸಾರಿನ ಬಟ್ಟಲು ಕೈಜಾರಿ ಅಂಗಿಯ ಮೇಲೆಲ್ಲ ಸುರಿದಿತ್ತು. ಇನ್ನೊಮ್ಮೆ ಹೀಗಾದರೆ ದಾಖಲೆ ಕೋಣೆಯಲ್ಲಿ ಧೂಳು ಕುಡಿಯುತ್ತ ಕೂರಬೇಕಾಗುತ್ತದೆ ಎಂದು ಮೇಲಧಿಕಾರಿಗಳು ಎಚ್ಚರಿಸಿದ್ದರು. ಹ್ಯಾಂಡಲನ್ನು ಹಾವಿನ ಕತ್ತಿನ ಹಾಗೆ ಹಿಚುಕಿ ಹಿಡಿಯಬೇಡ, ಮಣಿಕಟ್ಟು ನೆಟ್ಟಗಿಡು, ಹಿಡಿಕೆಗೆ ಸ್ಪಂಜು ಸುತ್ತು ಎಂದು ಕಂಡವರೆಲ್ಲ ಹೇಳಿದ್ದನ್ನು ಮಾಡಿ ನೋಡಿದ್ದ. ಯಾವುದೂ ನಾಟಲಿಲ್ಲ. ಕೊನೆಗೆ ಹಸ್ತಕ್ಷೇಮ ಸಂಶೋಧನಾಲಯದ ಡಾ. ಅನಸೂಯಾ ಕಟ್ಟಿಮನಿಯವರ ಬಾಗಿಲು ಬಡಿದ.

“ಜೋಮು ಅನ್ನೂದು ನಾಶ ಆಗೂದಿಲ್ರೀ,” ಎಂದರು ಆಕೆ. “ಒಂದು ಕಡೆಯಿಂದ ತಗದು ಇನ್ನೊಂದು ಕಡೆ ಇಡಬೇಕು, ಅಷ್ಟ.”

ಇದಕ್ಕೆ ಅವರು ಇಟ್ಟ ಹೆಸರು ‘ಜೋಮು ನಿತ್ಯತ್ವ ನಿಯಮ’. ಗಾಡಿಯ ನಡುಕ ಅಂಗೈಯ ನರಗಳನ್ನು ದಣಿಸುತ್ತದೆ. ‘ಜೋಮುಹರ’ ಎಂಬ ಈ ಗವಸು ಆ ದಣಿವನ್ನು ಹೀರಿ, ಕುತ್ತಿಗೆಯ ‘ನರಮಾರ್ಗ ಪಟ್ಟಿ’ಯ ಮೂಲಕ ದೇಹದ ಬೇರೊಂದು ಭಾಗಕ್ಕೆ ಸಾಗಿಸುತ್ತದೆ. ಎಷ್ಟು ಹೊತ್ತು ಗಾಡಿ ಓಡಿಸಿದಿರೋ, ಇಳಿದ ಮೇಲೆ ಅಷ್ಟು ಹೊತ್ತು ಆ ಭಾಗ ಮಲಗಿರುತ್ತದೆ. ಯಾವ ಭಾಗವಾದೀತು ಎಂದು ಆಕೆ ತಾವೇ ಲೆಕ್ಕ ಹಾಕಿದರು. ಕಾಲು ಬೇಡ, ಬ್ರೇಕು ಒತ್ತಬೇಕು. ಕಿವಿ ಬೇಡ, ಲಾರಿಯ ಹಾರನ್ನು ಕೇಳಬೇಕು. ಕೂತ ಜಾಗಕ್ಕೆ ಕಳಿಸೋಣವೆಂದರೆ ಅದು ಮೊದಲೇ ಜೋಮು ಹಿಡಿದಿರುತ್ತದೆ. ಗಾಡಿ ಓಡಿಸುವಾಗ ಕೆಲಸವಿಲ್ಲದೆ ಕೂತಿರುವುದು ನಾಲಿಗೆ ಒಂದೇ.

“ಅಡ್ಡ ಬಂದವರನ್ನ ಬೈಯಾಕ ಬೇಕಲ್ರಿ,” ಎಂದ ಚಂದ್ರಾಮಪ್ಪ.

“ಮಾತು ಹೋಗೂದಿಲ್ಲ. ರುಚಿ ಅಷ್ಟ ಹೋಗ್ತದ.”

ನಿಮಗೇನು ಕೆಲಸ ಎಂದು ಆಕೆ ಕೇಳಿದಾಗ ಅವನು ‘ತಪಾಸಣೆ’ ಎಂದಷ್ಟೇ ಹೇಳಿದ. ಯಾವುದರ ತಪಾಸಣೆ ಎಂದು ಆಕೆ ಕೇಳಲಿಲ್ಲ, ಇವನೂ ಬಾಯಿ ಬಿಡಲಿಲ್ಲ. ಇಪ್ಪತ್ತೆರಡು ವರ್ಷದ ಅನುಭವವೇನು ಸಾಮಾನ್ಯವೇ? ರುಚಿ ತಿಳಿಯದಿದ್ದರೂ ವಾಸನೆಯ ಮೇಲೆ ಅಂದಾಜು ಹೊಡೆದರಾಯಿತು ಎಂದುಕೊಂಡು ಗವಸು ತೊಟ್ಟೇ ಹೊರಬಿದ್ದ.

ಅಂದು ಅವನು ಮೊದಲು ಹೋದದ್ದು ಹೊಸಗೊಂಡಿಹಾಳದ ಬಾಲಕಿಯರ ಹಾಸ್ಟೆಲಿಗೆ. ಸತತ ಆರು ವರ್ಷ ‘ಮಾದರಿ ಅಡುಗೆಮನೆ’ ಎಂಬ ಪ್ರಶಸ್ತಿ ಹೊಡೆದಿದ್ದ ಜಾಗ ಅದು, ಎಲ್ಲಕ್ಕೂ ಚಂದ್ರಾಮಪ್ಪನದೇ ಸಹಿ. ಎಂದಿನಂತೆ ವಾರ್ಡನ್ ಗಾದಿ ಹಾಸಿ, ಬಾಳೆಲೆ ಇಟ್ಟು, ಗೋಡಂಬಿ ತೇಲುವ ಸಾರು ಬಡಿಸಿದರು. ತಪಾಸಣೆಯಲ್ಲಿ ಚಂದ್ರಾಮಪ್ಪನದೇ ಒಂದು ವರಸೆಯಿತ್ತು. ಸಾರನ್ನು ಬಾಯಿಗಿಟ್ಟೊಡನೆ ಕಣ್ಣು ಮುಚ್ಚಿ, ತಲೆ ಎತ್ತಿ, ಒಂದು ನಿಮಿಷ ಹಾಗೇ ಕೂರುತ್ತಿದ್ದ. ಆ ಒಂದು ನಿಮಿಷ ವಾರ್ಡನ್‌ಗಳ ಜೀವ ಕೈಯಲ್ಲಿರುತ್ತಿತ್ತು. ಆದರೆ ಇಂದು ಬಾಯಲ್ಲಿ ಬಿಸಿನೀರೋ ಸಾರೋ ಒಂದೂ ತಿಳಿಯದೆ ಅವನಿಗೇ ಗಾಬರಿಯಾಗಿ, ಕಣ್ಣು ಮುಚ್ಚುವುದೇ ಮರೆತುಹೋಯಿತು.

ತೆರೆದ ಕಣ್ಣಿಗೆ ಎದುರಿನ ಸಾಲು ಕಾಣಿಸಿತು. ಎಂಬತ್ತು ಹುಡುಗಿಯರು ಊಟಕ್ಕೆ ಕೂತಿದ್ದರು. ಅವರ ತಟ್ಟೆಯ ಸಾರು ಎಷ್ಟು ತಿಳಿಯೆಂದರೆ ತಟ್ಟೆಯ ತಳದಲ್ಲಿ ಕೊರೆದ ನಂಬರು ಓದಬಹುದಾಗಿತ್ತು. ಅರ್ಧ ಅನ್ನ ಬಿಟ್ಟು ಏಳುವವರೇ ಎಲ್ಲ. ಇಪ್ಪತ್ತೆರಡು ವರ್ಷ ತಾನು ರುಚಿ ನೋಡಿದ್ದು ತನಗಾಗಿಯೇ ಬೇರೆ ಪಾತ್ರೆಯಲ್ಲಿ ಕುದಿಸಿದ ಸಾಹೇಬರ ಸಾರು ಎಂಬುದು ಅವನಿಗೆ ಆಗ ಹೊಳೆಯಿತು. ನಾಚಿಕೆಯಿಂದ ಮುಖ ಕೆಂಪಾಯಿತು. ವರದಿಯಲ್ಲಿ ‘ಅತೃಪ್ತಿಕರ’ ಎಂದು ಬರೆದ. ಕೈಗೆ ಜೋಮು ಹಿಡಿಯದೆ ಇದ್ದುದರಿಂದ ಅಕ್ಷರ ಮುತ್ತಿನಂತೆ ಬಂತು.

ಮಾರನೆಯ ದಿನ ಮುತ್ತಲದಿನ್ನಿಯ ಹಾಸ್ಟೆಲು. ಅಲ್ಲಿ ಅಡುಗೆ ಮಾಡುವವಳು ಹುಲಿಗೆವ್ವ, ಐವತ್ತರ ಹೆಂಗಸು, ಗಂಡ ತೀರಿಕೊಂಡ ಮೇಲೆ ಆ ಅಡುಗೆಮನೆಯೇ ಅವಳ ಮನೆಯಾಗಿತ್ತು. ಅವಳ ಮೇಲೆ ಆಗಲೇ ಎರಡು ಪ್ರತಿಕೂಲ ವರದಿಗಳಿದ್ದವು. ‘ಖಾರ ಹೆಚ್ಚು, ಉಪ್ಪು ಕಡಿಮೆ, ಅಧಿಕಾರಿಯ ಬಗ್ಗೆ ಶ್ರದ್ಧೆಯಿಲ್ಲ’ ಎಂದು ಚಂದ್ರಾಮಪ್ಪನೇ ಬರೆದದ್ದು. ಅವಳು ಈ ಸಲವೂ ಹುಡುಗಿಯರ ಪಾತ್ರೆಯಿಂದಲೇ ಸೌಟಿನಲ್ಲಿ ತೆಗೆದು ಅವನಿಗೆ ಬಡಿಸಿದಳು. ನನಗೆಂದು ಬೇರೆ ಮಾಡುವುದಿಲ್ಲವೇ ಎಂದು ಅವನು ಮೆತ್ತಗೆ ಕೇಳಿದ.

ಹುಲಿಗೆವ್ವ ಅವನ ಮುಖವನ್ನೇ ನೋಡಿದಳು. “ಹುಡುಗ್ಯಾರು ಉಣ್ಣೂದನ್ನ ನೋಡಾಕ ಬಂದೀರಿ ಅಂತ ತಿಳ್ಕೊಂಡಿದ್ನಿರೀ ನಾನು.”

ಅವನು ಸಾಲಿನ ಕಡೆ ನೋಡಿದರೆ ಹುಡುಗಿಯರು ತಟ್ಟೆ ನೆಕ್ಕಿ ಇನ್ನೊಮ್ಮೆ ಹಾಕಿಸಿಕೊಳ್ಳುತ್ತಿದ್ದರು. ‘ತೃಪ್ತಿಕರ’ ಎಂದು ಬರೆದು ಎದ್ದ.

ಆ ಎರಡು ವರದಿಗಳು ಜಿಲ್ಲಾ ಕಚೇರಿಯಲ್ಲಿ ಬೆಂಕಿ ಹಚ್ಚಿದವು. ಮಾದರಿ ಅಡುಗೆಮನೆ ಫೇಲು, ಎರಡು ಸಲ ಫೇಲಾದವಳು ಪಾಸು! ಚಂದ್ರಾಮಪ್ಪನಿಗೆ ತಲೆ ಕೆಟ್ಟಿದೆಯೋ, ಮುತ್ತಲದಿನ್ನಿಯಲ್ಲಿ ಏನಾದರೂ ತಿಂದಿದ್ದಾನೋ ಎಂದು ಹೊಸಗೊಂಡಿಹಾಳದ ವಾರ್ಡನ್ ದೂರು ಕೊಟ್ಟರು. ಮೂವರ ವಿಚಾರಣಾ ಸಮಿತಿ ನೇಮಕವಾಯಿತು. ಸಮಿತಿ ಖುದ್ದಾಗಿ ಹುಲಿಗೆವ್ವನ ಅಡುಗೆಯ ರುಚಿ ನೋಡುವುದು, ಸರಿಯಿಲ್ಲವೆಂದು ಕಂಡರೆ ಅದನ್ನೇ ಮೂರನೆಯ ಪ್ರತಿಕೂಲ ವರದಿ ಎಂದು ಪರಿಗಣಿಸುವುದು ಎಂದು ಆದೇಶವಾಯಿತು. ಅಂದರೆ ಅವಳು ಅಂದೇ ಗಂಟುಮೂಟೆ ಕಟ್ಟಬೇಕು.

ಮುತ್ತಲದಿನ್ನಿಯ ಹಳ್ಳಕ್ಕೆ ಇಪ್ಪತ್ತು ವರ್ಷದಿಂದ ಸೇತುವೆ ಕಟ್ಟುತ್ತಲೇ ಇದ್ದರು. ಕಾರು ಆಚೆ ದಾಟುತ್ತಿರಲಿಲ್ಲ. ಹಾಗಾಗಿ ಸಮಿತಿಯವರು ಮೋಟಾರ್ ಸೈಕಲ್ ಹತ್ತಬೇಕಾಯಿತು. ಅಷ್ಟರಲ್ಲಿ ಇಲಾಖೆ ಎಲ್ಲ ಅಧಿಕಾರಿಗಳಿಗೂ ಜೋಮುಹರ ಹಂಚಿತ್ತು. ಜೊತೆಗೆ ಕೊಟ್ಟ ನಲವತ್ತು ಪುಟದ ಕೈಪಿಡಿಯನ್ನು ಯಾರೂ ಬಿಚ್ಚಿರಲಿಲ್ಲ. ಮೂವರೂ ಗವಸು ತೊಟ್ಟು ಗಾಡಿ ಹತ್ತುವುದನ್ನು ಚಂದ್ರಾಮಪ್ಪ ನೋಡಿದ. ಹೇಳೋಣವೆಂದು ಬಾಯಿ ತೆರೆದ. ಮತ್ತೆ ಹುಲಿಗೆವ್ವನ ಮುಖ ನೆನಪಾಗಿ ಬಾಯಿ ಮುಚ್ಚಿಕೊಂಡ. ತನ್ನ ಗವಸನ್ನೂ ತೊಟ್ಟು ಮುಂದೆ ದಾರಿ ತೋರಿಸುತ್ತ ಹೊರಟ.

ಎರಡು ತಾಸಿನ ಆ ದಾರಿ ಮುಗಿಸಿ ಇಳಿದಾಗ ಸಮಿತಿಯ ಅಧ್ಯಕ್ಷ ಸೋಮಲಿಂಗಪ್ಪನವರು ಕೈ ಎಷ್ಟು ಹಗುರಾಗಿದೆ ಎಂದು ಬೆರಳು ಆಡಿಸಿ ಆಡಿಸಿ ತೋರಿಸಿದರು. ಊಟಕ್ಕೆ ಕೂತರು. ಮೊದಲ ತುತ್ತಿಗೇ ಅವರ ಹುಬ್ಬು ಮೇಲೇರಿತು. ಪಕ್ಕದವರನ್ನು ನೋಡಿದರು, ಪಕ್ಕದವರು ಆಚೆಯವರನ್ನು ನೋಡಿದರು. ರುಚಿ ನೋಡಲೆಂದೇ ಬಂದ ಸಮಿತಿಯಲ್ಲಿ ತನ್ನೊಬ್ಬನಿಗೇ ರುಚಿ ಹೋಗಿದೆ ಎಂದು ಮೂವರೂ ತಿಳಿದರು, ಮೂವರೂ ನುಂಗಿಕೊಂಡರು. ಅಷ್ಟರಲ್ಲಿ ಎದುರಿನ ಸಾಲಿನಲ್ಲಿ ಹುಡುಗಿಯೊಬ್ಬಳು ತಟ್ಟೆ ಚಾಚಿ ಇನ್ನಷ್ಟು ಸಾರು ಕೇಳಿದಳು. ಮತ್ತೊಬ್ಬಳು ಕೇಳಿದಳು. ಸಾಲಿಗೆ ಸಾಲೇ ಮೂರು ಮೂರು ಸಲ ಹಾಕಿಸಿಕೊಂಡಿತು. ಅಧ್ಯಕ್ಷರಿಗೆ ಹೋದ ಜೀವ ಬಂದಂತಾಯಿತು.

“ಉಪ್ಪಿಗಿಂತ ರುಚಿ ಇಲ್ಲ ಅಂತಾರಲ್ಲ,” ಎಂದು ಗಂಟಲು ಸರಿಮಾಡಿಕೊಂಡರು. “ಉಪ್ಪು ಎಷ್ಟು ಹದಾ ಬಿದ್ದೈತಿ ನೋಡ್ರಿ.”

ಉಳಿದಿಬ್ಬರೂ ಭಾರಿ ಹದ ಎಂದು ತಲೆಯಾಡಿಸಿದರು. ಒಬ್ಬರು ಒಗ್ಗರಣೆಯನ್ನೂ ಹೊಗಳಿದರು. ಹುಲಿಗೆವ್ವನ ಕೆಲಸ ಖಾಯಂ ಇರತಕ್ಕದ್ದು ಎಂದು ಅಲ್ಲೇ ಸಹಿ ಹಾಕಿ, ಯಾರಾದರೂ ಇನ್ನೇನಾದರೂ ಕೇಳುವ ಮೊದಲೇ ಗಾಡಿ ಹತ್ತಿ ನಡೆದರು.

ಮೊಹರು ಒತ್ತಿಸಲು ಹಿಂದೆ ಉಳಿದ ಚಂದ್ರಾಮಪ್ಪ ತನ್ನ ಸಾರಿನ ತಟ್ಟೆಯ ಮುಂದೆ ಕೂತಿದ್ದ. ನಾಲಿಗೆಯನ್ನು ನಂಬುವುದಕ್ಕಿಂತ ಮಕ್ಕಳ ಮುಖವನ್ನು ನಂಬುವುದೇ ಸರಿ, ಮುಖ ಎಂದೂ ಸುಳ್ಳು ಹೇಳುವುದಿಲ್ಲ ಎಂದು ಒಳಗೊಳಗೇ ಬೀಗುತ್ತಿದ್ದ. ಬೆಳಗಿನಿಂದ ಹನಿ ನೀರು ಮುಟ್ಟದಿದ್ದ ಹುಲಿಗೆವ್ವ ಈಗ ಹುಡುಗಿಯರ ಸಾಲಿನ ಕೊನೆಗೆ ತಾನೂ ತಟ್ಟೆ ಹಿಡಿದು ಕೂತಳು. ಒಂದು ತುತ್ತು ಬಾಯಿಗಿಟ್ಟಳು. ಅಗಿಯುವುದನ್ನು ನಿಲ್ಲಿಸಿದಳು. ಎದ್ದು ಒಳಗೆ ಹೋಗಿ ಉಪ್ಪಿನ ಡಬ್ಬಿ ತಂದು ಅವನ ಮುಂದಿಟ್ಟಳು. ಡಬ್ಬಿ ಕಂಠಮಟ್ಟ ತುಂಬಿತ್ತು.

“ಸಾಹೇಬ್ರ, ಗಾಬ್ರಿಯೊಳಗ ಉಪ್ಪ ಹಾಕಿಲ್ರಿ ನಾನು.”

ಚಂದ್ರಾಮಪ್ಪ ಡಬ್ಬಿಯನ್ನು ನೋಡಿ, ಹುಡುಗಿಯರ ಮುಖಗಳನ್ನು ನೋಡಿದ. ಹುಲಿಗೆವ್ವ ಹುಡುಗಿಯರ ಕಡೆ ತಿರುಗಿ, ಒಬ್ಬರೂ ಯಾಕೆ ಹೇಳಲಿಲ್ಲ, ಸಪ್ಪೆ ಸಾರನ್ನು ಮೂರು ಸಲ ಯಾಕೆ ಹಾಕಿಸಿಕೊಂಡಿರಿ ಎಂದು ಕೇಳಿದಳು.  ಆರನೆಯ ಇಯತ್ತೆಯ ನೇತ್ರಾವತಿ ಬಾಯಿ ಬಿಟ್ಟಳು.

“ಹೇಳಿದ್ರ ನಿನ್ನ ಕಳಿಸಿಬಿಡ್ತಿದ್ರಲ್ಲಬೇ.”

ಹುಲಿಗೆವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು.  ನೇತ್ರಾವತಿ ಉಪ್ಪಿನ ಡಬ್ಬಿ ಹಿಡಿದು ಎಲ್ಲರ ತಟ್ಟೆಗೂ ಉಪ್ಪು ಹಾಕುತ್ತ ಬಂದಳು; ಹುಡುಗಿಯರು ಮತ್ತೆ ಹೊಸದಾಗಿ ಉಣ್ಣಲು ಶುರು ಮಾಡಿದರು. ಅವಳು ಅವನ ತಟ್ಟೆಗೂ ಒಂದು ಚಿಟಿಕೆ ಹಾಕಿ, ಸಾಕೇನ್ರಿ ಎಂದು ಕೇಳಿದಳು.

ಇಪ್ಪತ್ತೆರಡು ವರ್ಷದ ಸರಕಾರಿ ನಾಲಿಗೆ ಇನ್ನೂ ಮಲಗಿತ್ತು. ಚಂದ್ರಾಮಪ್ಪ ತಟ್ಟೆಯನ್ನು ಅವಳ ಕಡೆ ಸರಿಸಿದ.

“ನನಗ ಗೊತ್ತಾಗೂದಿಲ್ಲವ್ವ. ನೀನ ನೋಡಿ ಹೇಳು.”

ನೇತ್ರಾವತಿ ಅವನ ಸಾರಿನಲ್ಲಿ ಬೆರಳು ಅದ್ದಿ ಬಾಯಿಗಿಟ್ಟುಕೊಂಡಳು. ಸ್ವಲ್ಪ ಯೋಚಿಸಿ, ಇನ್ನೊಂದು ಚಿಟಿಕೆ ಹಾಕಿದಳು.