ಬೊಗ್ಗುವಿನ ಬಿಲ್ಲೆ

“ತಲೆ ತಗ್ಗಿಸು ಮಾರಾಯ. ನಿನ್ನ ಟೊಪ್ಪಿ ಒಳಗೆ ಕಾಣ್ತದೆ.”

“ಕಂಡರೆ ಎಂತ? ಒಳಗೆ ಇರುವುದು ನಮ್ಮ ಮಾವನೇ ಅಲ್ವಾ,” ಎಂದ ಚಿತ್ತರಂಜನ. ಆದರೂ ಟೊಪ್ಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡ.

ಚಂಪಾ ಮುರುಕು ಕಲ್ಲಿನ ಮೇಲೆ ತುದಿಗಾಲಲ್ಲಿ ನಿಂತು, ಕಿಟಕಿಯ ಸರಳುಗಳ ನಡುವೆ ಮೂಗು ತೂರಿಸಿದಳು. ಒಳಗೆ ಮುನ್ಸಿಪಾಲಿಟಿಯ ಬಜೆಟ್ ಮೀಟಿಂಗ್ ನಡೆಯುತ್ತಿತ್ತು. ಉದ್ದದ ಮೇಜು, ಗೋಡೆಯಲ್ಲಿ ಇಂಗ್ಲೆಂಡಿನ ರಾಜರ ಪಟ, ಮೇಜಿನ ಸುತ್ತ ಬೆವರುತ್ತ ಕುಳಿತ ಮೆಂಬರುಗಳು.

ಚಂಪಾಳಿಗೆ ಬೇಕಾದದ್ದು ಒಂದೇ ಸುದ್ದಿ. ಬೀದಿದೀಪ ಹಚ್ಚುವವರ ಸಂಬಳ ಏರುತ್ತದೆಯೋ ಇಲ್ಲವೋ? ಅವಳ ಅಪ್ಪ ಲೋಕಯ್ಯ ದಿನವೂ ಸಂಜೆ ಏಣಿ ಹೊತ್ತು ದೀಪ ಹಚ್ಚುವವನು. ಸಂಬಳ ಏರಿದರೆ ಮಳೆಗಾಲಕ್ಕೆ ಮೊದಲು ಅವಳಿಗೊಂದು ಬಟ್ಟೆಯ ಕೊಡೆ ಎಂದು ಹೇಳಿದ್ದ. ಹೋದ ವರ್ಷ ಅವಳು ಮಳೆಗೆ ತಲೆ, ಬೆನ್ನು ಮುಚ್ಚುವ ತಾಳೆಗರಿಯ ಗೊರಬೆ ಹೊದ್ದು ಶಾಲೆಗೆ ಹೋದಾಗ ಕ್ಲಾಸಿನವರು, “ಆಮೆ ಬಂತು, ದಾರಿ ಬಿಡಿ,” ಎಂದಿದ್ದರು. ಹಾಗೆ ಎಂದವರಲ್ಲಿ ಚಿತ್ತರಂಜನನೂ ಒಬ್ಬ.

“ದೀಪದವರಿಗೆ ಸಂಬಳ ಏರಿಸಬೇಕು ಎನ್ನುವವರು ಕೈ ಎತ್ತಿ,” ಎಂದರು ಚೇರ್ಮನ್.

ಎಲ್ಲ ಕೈಗಳೂ ಮೇಲೆ ಹೋದವು.

“ಸಂತೋಷ. ಹಣಕ್ಕೆ ಎಂತ ಮಾಡುವುದು? ಮನೆ ತೆರಿಗೆ ಏರಿಸುವ ಎನ್ನುವವರು ಕೈ ಎತ್ತಿ.”

ಎತ್ತಿದ ಕೈಗಳೆಲ್ಲ ಮೇಜಿನ ಅಡಿಗೆ ಹೋದವು.

“ಮನೆ ತೆರಿಗೆ ಬೇಡ. ಜನ ನಮ್ಮನ್ನು ಬಯ್ತಾರೆ,” ಎಂದರು ಒಬ್ಬರು.

“ಯಾವ ಜನ? ನಿಮ್ಮ ಬೀದಿಯಲ್ಲಿ ಅರ್ಧ ಮನೆ ನಿಮ್ಮದೇ ಉಂಟಲ್ಲ,” ಎಂದರು ಇನ್ನೊಬ್ಬರು.

“ಹಾಗಾದರೆ ಗಾಡಿ ತೆರಿಗೆ ಏರಿಸಿ.”

“ನನ್ನ ಗಾಡಿಗಳ ಮೇಲೆ ನಿಮಗೆ ಯಾಕೆ ಕಣ್ಣು?”

ತೆರಿಗೆ ಮೇಜಿನ ಸುತ್ತ ಓಡತೊಡಗಿತು. ಯಾರ ಹತ್ತಿರ ಬಂದರೂ ಅವರು ಅದನ್ನು ಪಕ್ಕದವರ ಕಡೆಗೆ ತಳ್ಳುತ್ತಿದ್ದರು. ಕೊನೆಗೆ ಚಿತ್ತರಂಜನನ ಮಾವ ಗುಣಪಾಲರು ಗಂಟಲು ಸರಿಮಾಡಿಕೊಂಡರು.

“ನಾಯಿ,” ಎಂದರು.

ಎಲ್ಲರೂ ಬಾಗಿಲ ಕಡೆ ನೋಡಿದರು.

“ಇಲ್ಲಿ ಬಂದದ್ದಲ್ಲ. ನಾಯಿ ಸಾಕುವವರು ತೆರಿಗೆ ಕಟ್ಟಲಿ. ಕಟ್ಟಿದರೆ ನಾಯಿಯ ಕುತ್ತಿಗೆಗೆ ಹಿತ್ತಾಳೆ ಬಿಲ್ಲೆ. ಬಿಲ್ಲೆ ಇಲ್ಲದ್ದನ್ನು ಬಂಡಿಯಲ್ಲಿ ಹಿಡಿದುಕೊಂಡು ಹೋಗುವುದು. ನಾಯಿಗಳಿಗೆ ವೋಟಿಲ್ಲ. ನಮ್ಮನ್ನು ಬಯ್ಯುವುದೂ ಇಲ್ಲ.”

ಮೇಜಿನ ಸುತ್ತ ನಗು ಎದ್ದಿತು. ಕೈಗಳೂ ಎದ್ದವು.

“ನಮ್ಮ ಮಾವನಿಗೆ ನಾಯಿ ಕಂಡರೆ ಹೆದರಿಕೆ,” ಎಂದು ಚಿತ್ತರಂಜನ ಪಿಸುಗುಟ್ಟಿದ.

ಚಂಪಾ ಅದನ್ನು ಕೇಳಲು ನಿಲ್ಲಲಿಲ್ಲ. ಕಲ್ಲಿನಿಂದ ಹಾರಿ ಓಡಿದಳು. ಸಂಬಳ ಏರಿತು, ಕೊಡೆ ಬಂತು, ಸಂಬಳ ಏರಿತು, ಕೊಡೆ ಬಂತು ಎಂದು ಅವಳ ಕಾಲುಗಳೇ ಹೇಳುತ್ತಿದ್ದವು.

ಓಣಿಯ ತಿರುವಿನಲ್ಲಿ ಬೊಗ್ಗು ಬಾಲ ಆಡಿಸುತ್ತ ಎದುರು ಬಂತು.

ಚಂಪಾ ನಿಂತುಬಿಟ್ಟಳು.

ಬೊಗ್ಗು ಯಾರ ನಾಯಿ ಎಂದು ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ. ಬೆಳಿಗ್ಗೆ ಅದು ಗ್ಲ್ಯಾಡಿಸ್ ಬಾಯಿಯ ಮನೆಯಲ್ಲಿ ಜಿಮ್ಮಿಯಾಗಿ ರೊಟ್ಟಿಯ ಅಂಚು ತಿನ್ನುತ್ತಿತ್ತು. ಮಧ್ಯಾಹ್ನ ರತ್ನಾವತಿ ಅಮ್ಮನ ಮನೆಯಲ್ಲಿ ರಾಜನಾಗಿ ಮಜ್ಜಿಗೆ ಅನ್ನ ಉಣ್ಣುತ್ತಿತ್ತು. ಸಂಜೆ ಚಂಪಾಳ ಮನೆಯಲ್ಲಿ ಬೊಗ್ಗುವಾಗಿ ಗಂಜಿ ಕುಡಿದು, ಲೋಕಯ್ಯನ ಮುಂದೆ ಮುಂದೆ ಕಂಬದಿಂದ ಕಂಬಕ್ಕೆ ನಡೆಯುತ್ತಿತ್ತು. ಮೂರು ಮನೆಯವರೂ “ನಮ್ಮ ನಾಯಿ” ಎನ್ನುತ್ತಿದ್ದರು.

ಹೊಸ ಸಂಬಳ ಬಂದ ವಾರವೇ ಬಿಲ್ ಕಲೆಕ್ಟರ್ ದುಗ್ಗಪ್ಪ ಬಿಲ್ಲೆಗಳ ಚೀಲ ಹಿಡಿದು ಓಣಿಗೆ ಬಂದ. ಚೀಲ ಝಣಝಣ ಎನ್ನುತ್ತಿತ್ತು. ಬೊಗ್ಗುವಿಗೆ ಆ ಸದ್ದು ಬಹಳ ಹಿಡಿಸಿ, ಅವನ ಹಿಂದೆಯೇ ಹೊರಟಿತು. ಅದರ ಹಿಂದೆ ಚಂಪಾ.

“ಬಾಯಿ, ಈ ನಾಯಿ ನಿಮ್ಮದಾ?”

“ನಮ್ಮದಾ? ಇಲ್ಲಪ್ಪ,” ಎಂದರು ಗ್ಲ್ಯಾಡಿಸ್ ಬಾಯಿ. “ಬರ್ತದೆ, ಹೋಗ್ತದೆ.” ಅವರ ದನಿ ಕೇಳಿ ಬೊಗ್ಗು ಹಾರಿ ಅವರ ಸೀರೆಗೆ ಮೂಗು ಒರೆಸಿತು. “ಹೋಗು ಜಿಮ್ಮಿ, ಹೋಗು.”

“ಹೆಸರು ಗೊತ್ತುಂಟಲ್ಲ ಬಾಯಿ.”

“ನಿಮ್ಮ ಹೆಸರು ದುಗ್ಗಪ್ಪ ಎಂದೂ ಗೊತ್ತುಂಟು. ಹಾಗಂತ ನಿಮ್ಮನ್ನು ನಾನು ಸಾಕ್ತೇನಾ?”

ದುಗ್ಗಪ್ಪ ಮುಂದಿನ ಮನೆಗೆ ಹೋದ. ಅಷ್ಟರಲ್ಲಿ ಬೊಗ್ಗು ಅಲ್ಲಿನ ಮೆಟ್ಟಿಲ ಮೇಲೆ ಅಡ್ಡ ಮಲಗಿ ಆಗಿತ್ತು. ರತ್ನಾವತಿ ಅಮ್ಮ ಸೀರೆ ಎತ್ತಿಕೊಂಡು ಅದನ್ನು ದಾಟಿ ಬಂದರು.

“ನಾಯಿಯಾ? ಯಾವ ನಾಯಿ?”

“ಈಗ ದಾಟಿದಿರಲ್ಲ ಅಮ್ಮ, ಅದು.”

“ಓ, ಇದಾ,” ಎಂದು ಅವರು ಅದನ್ನು ಹೊಸತಾಗಿ ಕಂಡವರಂತೆ ನೋಡಿದರು. “ಇದು ಮೆಟ್ಟಿಲಲ್ಲಿ ಇರ್ತದೆ. ನಮಗೆ ಮೆಟ್ಟಿಲು ಮಾತ್ರ ಸೇರಿದ್ದು.”

ಚಂಪಾಳಿಗೆ ನಗು ಬಂತು. ಆದರೆ ಇನ್ನು ಉಳಿದದ್ದು ಅವಳ ಮನೆಯೇ.

ಲೋಕಯ್ಯ ಜಗಲಿಯಲ್ಲಿ ಕುಳಿತು ದೀಪದ ಗಾಜುಗಳನ್ನು ಒರೆಸುತ್ತಿದ್ದ.

“ಲೋಕಯ್ಯ, ನಿನ್ನದೂ ಅಲ್ಲ ಎಂದರೆ ನಾಳೆ ಬಂಡಿ ಬರ್ತದೆ, ಆಯ್ತಾ,” ಎಂದ ದುಗ್ಗಪ್ಪ.

ಲೋಕಯ್ಯ ಕೈಯಲ್ಲಿದ್ದ ಗಾಜನ್ನು ಪೂರ್ತಿ ಒರೆಸಿ ಕೆಳಗಿಟ್ಟ.

“ಅವಳನ್ನು ಕೇಳು,” ಎಂದ. “ಚಂಪಾ, ಬಿಲ್ಲೆಗೆ ಕೊಟ್ಟರೆ ಈ ವರ್ಷ ಕೊಡೆ ಇಲ್ಲ. ಎರಡಕ್ಕೂ ಸಾಕಾಗುವಷ್ಟು ಏರಿಸಲಿಲ್ಲ ಅವರು.”

ಚಂಪಾಳ ಮನಸ್ಸಿನಲ್ಲಿ ಆ ಕೊಡೆ ದಿನವೂ ಬಿಚ್ಚಿಕೊಳ್ಳುತ್ತಿತ್ತು. ಕಪ್ಪು ಬಟ್ಟೆ, ಬಗ್ಗಿದ ಬೆತ್ತದ ಹಿಡಿ. ಅವಳು ಅದನ್ನು ಇನ್ನೊಮ್ಮೆ ಬಿಚ್ಚಿ ನೋಡಿದಳು. ಮೆಲ್ಲನೆ ಮಡಚಿದಳು.

“ನಮ್ಮದು,” ಎಂದಳು.

ದುಗ್ಗಪ್ಪ ರಶೀದಿ ಹರಿದು ಕೊಟ್ಟ. “ಮುನ್ಸಿಪಾಲಿಟಿ ಅಪ್ಪನಿಗೆ ಕೊಟ್ಟದ್ದನ್ನು ನಾಯಿ ವಾಪಸ್ ಕೊಟ್ಟಿತು. ಮರ್ಯಾದಸ್ಥ ನಾಯಿ,” ಎಂದ. ಅಪ್ಪ ಜೋರಾಗಿ ನಕ್ಕ. ಚಂಪಾ ನಗಲಿಲ್ಲ.

ಮರುದಿನ ಬೊಗ್ಗು ಬಿಲ್ಲೆ ಕಟ್ಟಿಕೊಂಡು ಓಣಿಯಲ್ಲಿ ಪೇದೆಯ ಹಾಗೆ ನಡೆಯಿತು.

“ನಮ್ಮ ಜಿಮ್ಮಿಗೆ ಎಷ್ಟು ಚಂದ ಕಾಣ್ತದೆ,” ಎಂದರು ಗ್ಲ್ಯಾಡಿಸ್ ಬಾಯಿ.

“ರಾಜ, ಬಾ ಇಲ್ಲಿ. ಬಿಲ್ಲೆ ತೋರಿಸು,” ಎಂದರು ರತ್ನಾವತಿ ಅಮ್ಮ.

ನಾಚಿಕೆ ಇಲ್ಲದ ಬೊಗ್ಗು ಇಬ್ಬರ ಬಳಿಗೂ ಹೋಯಿತು.

ಸಂಜೆ ಚಂಪಾ ಎಣ್ಣೆಯ ಡಬ್ಬ ಹಿಡಿದು ಅಪ್ಪನ ಜೊತೆ ಹೊರಟಳು. ಗ್ಲ್ಯಾಡಿಸ್ ಬಾಯಿಯ ಮನೆಯೆದುರಿನ ಕಂಬ ಬಂದಾಗ ಡಬ್ಬವನ್ನು ಬೆನ್ನ ಹಿಂದೆ ಅಡಗಿಸಿದಳು.

“ಅಪ್ಪ, ಈ ಕಂಬ ಬಿಡಿ. ಮುಂದಿನದ್ದೂ ಬಿಡಿ. ನಾಯಿ ಅವರದ್ದಲ್ಲವಂತೆ. ಹಾಗಾದರೆ ದೀಪವೂ ಅವರದ್ದಲ್ಲ.”

ಅಪ್ಪ ಏಣಿಯನ್ನು ಕಂಬಕ್ಕೆ ಒರಗಿಸಿದ. “ಅವರದ್ದು ಎಂದು ಯಾರು ಹೇಳಿದರು? ಡಬ್ಬ ಕೊಡು.”

ದೀಪ ಹತ್ತಿತು. ಖಾಲಿ ಬುಟ್ಟಿ ತಲೆಯ ಮೇಲಿಟ್ಟು, ಹೊಳೆಯಾಚೆ ಬೆಂಗ್ರೆಗೆ ಹೋಗುವ ದೋಣಿ ತಪ್ಪೀತೆಂದು ಬೀಸುಗಾಲಿನಲ್ಲಿ ಬರುತ್ತಿದ್ದ ಮೀನು ಮಾರುವ ನೆಲ್ಲಿ, ಬೆಳಕಿಗೆ ಕಂಡ ರಸ್ತೆಯ ಹೊಂಡದ ಎದುರು ತಟ್ಟನೆ ಕಾಲು ತಡೆದಳು. ಹೊಂಡವನ್ನು ಬಳಸಿ ಹೊರಟುಹೋದಳು. ದೀಪದ ಕಡೆ ತಲೆ ಎತ್ತಿಯೂ ನೋಡಲಿಲ್ಲ.

ಚಂಪಾ ಅವಳು ಹೋದ ದಾರಿಯನ್ನೇ ನೋಡುತ್ತ ನಿಂತಳು.

ಮುಂದಿನದು ರತ್ನಾವತಿ ಅಮ್ಮನ ಮನೆಯೆದುರಿನ ಕಂಬ. ಅಲ್ಲಿಯ ಗಾಜು ಮಸಿ ಹಿಡಿದಿತ್ತು. ಅಪ್ಪ ಅದನ್ನು ಬಿಚ್ಚುವ ಮೊದಲೇ ಚಂಪಾ ಕೈ ಚಾಚಿದಳು. ಅವನು ಏಣಿಯಿಂದ ಇಳಿಸಿಕೊಟ್ಟ ಗಾಜಿಗೆ ಉಸಿರು ಊದಿ ಬಟ್ಟೆಯಿಂದ ಒರೆಸಿದಳು. ಮೂಲೆಯಲ್ಲಿ ಚೂರು ಮಸಿ ಉಳಿದಿತ್ತು. ಲಂಗದ ಅಂಚಿನಿಂದ ಅದನ್ನೂ ತೆಗೆದಳು.

ಬೊಗ್ಗು ಮೈ ಕೊಡವಿತು. ಬಿಲ್ಲೆ ಕಿಣಿಕಿಣಿ ಎಂದಿತು.

“ಹೊರಗೆ ಯಾರದು?” ಒಳಗಿಂದ ರತ್ನಾವತಿ ಅಮ್ಮನ ದನಿ ಬಂತು. “ರಾಜನಾ?”

ಚಂಪಾ ನಾಯಿಯ ಕಡೆ ನೋಡಿದಳು. ಅದರ ಬಾಲ ಆಗಲೇ ಆಡತೊಡಗಿತ್ತು.

“ಹೌದಮ್ಮ, ರಾಜನೇ,” ಎಂದು ಹೇಳಿ, ಅವಳು ಗಾಜನ್ನು ಏಣಿಯ ಮೇಲಿದ್ದ ಅಪ್ಪನ ಕಡೆಗೆ ಚಾಚಿದಳು.