ಮದ್ದಿಲ್ಲದ ಇನ್ಹೇಲರ್

ಮೇಜಿನ ಮೇಲೇ ಇಟ್ಟಿದ್ದೆನೋ, ಕಾರಿನಲ್ಲೇ ಬಿಟ್ಟು ಬಂದೆನೋ? ಬೆಳಗ್ಗೆ ಅದನ್ನು ಎತ್ತಿ ತೋರಿಸಿದ್ದು ನಿಜವೋ, ತೋರಿಸಿದ ಹಾಗೆ ಈಗ ಅನ್ನಿಸುತ್ತಿದೆಯೋ? ಎಲೆಯಾಸಾರ್ ಖಾಲಿ ಜಾಗವನ್ನು ಅಂಗೈಯಿಂದ ಸವರಿದ. ಕಿಟಕಿಯಾಚೆ ಕಬ್ಬಿನ ಗದ್ದೆಗಳು ಉರಿಯುತ್ತಿದ್ದವು. ಸುಟ್ಟ ಒಣ ಸೋಗೆಯ ಕಪ್ಪು ಚೂರುಗಳು ಯಾವ ಅವಸರವೂ ಇಲ್ಲದೆ ತೇಲಿ, ಊರಿನ ಮೇಲೆ ಇಳಿಯುತ್ತಿದ್ದವು.

ನದಿಯಾಚೆ ಮೆಕ್ಸಿಕೋ, ಈಚೆ ಟೆಕ್ಸಸ್ಸಿನ ಈ ಸಣ್ಣ ಊರು. ಬಡವರ ಮಕ್ಕಳನ್ನು ಸರ್ಕಾರದ ಆರೋಗ್ಯ ವಿಮೆಗೆ ಸೇರಿಸುವುದು ಹೇಗೆಂದು ಸಮಾಜ ಕಾರ್ಯಕರ್ತರಿಗೆ ಕಲಿಸಲು ಅವನು ಬಂದಿದ್ದ. ಊಟದ ಬಿಡುವಿನಲ್ಲಿ ಅವನ ಇನ್ಹೇಲರ್ ಮಾಯವಾಗಿತ್ತು.

“ಹೋದ್ರೆ ಹೋಗ್ಲಿ ಬಿಡು ತಮ್ಮ,” ಎಂದಳು ಕಚೇರಿಯ ಮುಖ್ಯಸ್ಥೆ ಒರ್ತೆನ್ಸಿಯಾ. “ಅದೇನು ಚಿನ್ನಾನಾ?”

“ಅದ್ರಲ್ಲಿ ಔಷಧಿ ಇಲ್ಲ ಅಕ್ಕ. ವಿಮೆ ಇದ್ರೆ ಏನೇನು ಸಿಗತ್ತೆ ಅಂತ ತೋರ್ಸೋಕೆ ಇಟ್ಕೊಂಡಿದ್ದು. ಬರೀ ಗಾಳಿ.”

ಅವಳ ಕಾಫಿ ಲೋಟ ತುಟಿಯ ಬಳಿಯೇ ನಿಂತಿತು. “ಅಂದ್ರೆ, ಯಾವ್ದಾದ್ರೂ ಮಗೂಗೆ ಉಬ್ಬಸ ಬಂದು—”

“ಅದೇ. ಎಲ್ರಿಗೂ ಮೆಸೇಜ್ ಹಾಕಿದೀನಿ. ಯಾರೂ ಉತ್ತರ ಕೊಟ್ಟಿಲ್ಲ. ಕೊನೇಗೆ ಹೊರಟಿದ್ದು ಯಾರು?”

“ರಾಮಿರೋ. ಆಮೇಲೆ ನೊಯೆಮೀ. ರಾಮಿರೋನೇ ಇರ್ಬೇಕು. ಅಜ್ಜಿಗೆ ಕೆಮ್ಮು ಅಂತಿದ್ದ.”

ರಾಮಿರೋ ಅಂಗಳದ ಮರದಡಿ ಕೂತು ಉಣ್ಣುತ್ತಿದ್ದ.

“ನನ್ನಜ್ಜಿಗೆ ಸಿಗರೇಟ್ ಬಿಡ್ಸೋಕೆ ದೇವರ ಕೈಲೂ ಆಗ್ಲಿಲ್ಲ. ನಿಮ್ಮ ಪ್ಲಾಸ್ಟಿಕ್ ಪೀಪಿ ಏನ್ ಮಾಡತ್ತೆ ಮೇಷ್ಟ್ರೇ? ಬೇಕಾದ್ರೆ ಚೀಲ ತಡಕಿ. ಟಾಕೋ ರೊಟ್ಟಿ ಕಮ್ಮಿ ಆದ್ರೆ ಮಾತ್ರ ನಿಮ್ಮನ್ನೇ ಹಿಡೀತೀನಿ!”

ಚೀಲದಲ್ಲಿ ಟಾಕೋ ಬಿಟ್ಟರೆ ಬೇರೇನಿರಲಿಲ್ಲ.

“ನೊಯೆಮೀ ಎಲ್ಲಿ?”

“ಮನೇಗೆ ಓಡಿದ್ಲು. ಅವಳ್ಯಾಕೆ ಕದೀತಾಳೆ? ಬೆಳಗ್ಗೆ ಏನ್ ನಟನೆ ಮಾಡಿದ್ಲು ನೋಡಿ! ನನ್ ಕಣ್ಣಲ್ಲೂ ನೀರು ಬಂತು.”

ಎಲೆಯಾಸಾರ್ ಕಣ್ಣು ಮುಚ್ಚಿದ. ಬೆಳಗಿನ ಕೋಣೆ ಕನಸಿನಂತೆ ತಿರುಗಿ ಬಂತು. ಒಬ್ಬರು ತಾಯಿಯಾಗಬೇಕು, ಇನ್ನೊಬ್ಬರು ಕಾರ್ಯಕರ್ತರಾಗಿ ಕೇಳಬೇಕು, ತರಬೇತಿಯ ಆಟ. ನೊಯೆಮೀ ತಾಯಿಯಾಗಿ ನೆಲ ನೋಡುತ್ತ ಹೇಳಿದ್ದಳು: ‘ಮಲಗ್ಸಿದ್ರೆ ಆಗಲ್ಲ. ನನ್ನ ಬೆನ್ನಿಗೆ ಒರಗಿ ಕೂತೇ ನಿದ್ದೆ ಮಾಡ್ತಾನೆ. ನಾನು ಅಲ್ಲಾಡಲ್ಲ.’ ಎಲ್ಲರೂ ಚಪ್ಪಾಳೆ ತಟ್ಟಿದ್ದರು. ಅವನೂ ತಟ್ಟಿದ್ದ.

“ಅಕ್ಕ, ಕಾರು ಹತ್ತಿ. ಅವಳ ಮನೆ ತೋರ್ಸಿ.”

ಕಾರಿನ ಗಾಜಿನ ಮೇಲೆ ಬೂದಿ ಕೂತು ಹಾರುತ್ತಿತ್ತು. “ನೊಯೆಮೀನಾ? ಹೇಗೆ ಹೇಳ್ತೀಯಾ?” ಎಂದಳು ಒರ್ತೆನ್ಸಿಯಾ.

“ಆಟಕ್ಕೆ ನಾನು ಕೊಟ್ಟ ಕಥೇಲಿ ಹುಡುಗನಿಗೆ ಕಿವಿನೋವು. ಎಲ್ರೂ ಅದನ್ನೇ ಹೇಳಿ ಅತ್ರು. ಕಿವಿನೋವಿನ ಮಗು ಯಾಕೆ ಕೂತು ನಿದ್ದೆ ಮಾಡತ್ತೆ? ಅದು ಉಸಿರು ಸಿಗದ ಮಗು. ಅವಳು ನಟನೆ ಮಾಡ್ಲಿಲ್ಲ ಅಕ್ಕ. ತನ್ನ ಮಗನ ಬಗ್ಗೆನೇ ಮಾತಾಡಿದ್ಲು. ತಗೊಂಡು ಹೋಗಿದ್ದು ಅವಳೇ.”

“ಅವಳ ಮಗ ಬೇತೋ ಇಲ್ಲೇ ಹುಟ್ಟಿದ್ದು. ವಿಮೆ ಸಿಕ್ಕೇ ಸಿಗತ್ತೆ. ಊರ ಮಕ್ಕಳನ್ನೆಲ್ಲ ಸೇರಿಸೋಳು, ತನ್ನ ಮಗನ್ನ ಯಾಕೆ—”

“ಗಂಡನಿಗೆ ಈ ದೇಶದಲ್ಲಿರೋಕೆ ಕಾಗದ ಇದ್ಯಾ?”

ಒರ್ತೆನ್ಸಿಯಾ ಇಲ್ಲವೆಂದು ತಲೆಯಾಡಿಸಿದಳು. ಕೈಯಲ್ಲಿ ಮನೆ ತೋರಿಸಿದಳು.

ನೊಯೆಮೀ ಹೊಸಿಲ ಮೇಲೆ ಕೂತಿದ್ದಳು. ಬೆನ್ನಿಗೆ ಒರಗಿದ ಮಗನ ಭುಜಗಳು ಏರಿ ಇಳಿಯುತ್ತಿದ್ದವು; ತುಟಿ ನೀಲಿಯಾಗುತ್ತಿತ್ತು.

“ಒತ್ತಿದೆ ಮೇಷ್ಟ್ರೇ, ಮತ್ತೆ ಮತ್ತೆ ಒತ್ತಿದೆ. ಏನೂ ಆಗ್ತಿಲ್ಲ. ವಾಪಸ್ ಇಡ್ತಿದ್ದೆ, ನಮ್ಮಮ್ಮನಾಣೆ...”

“ಅದು ಆಮೇಲೆ. ಏಳಮ್ಮ.” ಅವನು ಹುಡುಗನನ್ನು ಎತ್ತಿಕೊಂಡ.

ಆಸ್ಪತ್ರೆಯಲ್ಲಿ ಮುಖಕವಚದಿಂದ ಔಷಧಿಯ ಬಿಳಿ ಮಂಜು ಎದ್ದಿತು. ಅದರೊಳಗೆ ಬೇತೋನ ಭುಜಗಳು ಮೆಲ್ಲಗೆ ತಗ್ಗಿದವು. ಅವನು ದಿಂಬಿಗೆ ತಲೆ ಕೊಟ್ಟು ಮಲಗಿದ. ತಾಯಿ ತನ್ನ ಬೆನ್ನನ್ನು ಏನು ಮಾಡುವುದೆಂದು ತಿಳಿಯದವಳಂತೆ ನಿಂತಿದ್ದಳು.

ವಿಮೆಯ ಅರ್ಜಿಯನ್ನು ಅವಳೇ ತುಂಬಿದಳು. ವಿಳಾಸದ ಬಳಿ ಪೆನ್ನು ನಿಂತಿತು.

“ಇದನ್ನ ಬರೆದ್ರೆ ವಲಸೆ ಪೊಲೀಸ್ರು ಮನೆ ಹತ್ರ ಬರಲ್ಲ ಅಲ್ವಾ, ಮೇಷ್ಟ್ರೇ?”

ಎಲೆಯಾಸಾರ್ ಅವಳನ್ನು ನೋಡಿದ. ಅವಳು ಮಲಗಿದ ಮಗನನ್ನು ನೋಡಿದಳು, ಆಮೇಲೆ ಬರೆದಳು.

‘ಯಾರೂ ಬರಲ್ಲ, ಹೆದರಬೇಡಿ’ — ಇಂಥ ತಾಯಂದಿರಿಗೆ ಹೀಗೆ ಹೇಳಿ ಎಂದು ಅವನು ಊರೂರಿಗೆ ಹೋಗಿ ಕಾರ್ಯಕರ್ತರಿಗೆ ಕಲಿಸುತ್ತಿದ್ದ ಮಾತು. ಅದನ್ನು ಅವನು ನೊಯೆಮೀಗೆ ಹೇಳಲೇ ಇಲ್ಲ.